ಗಂಟಲ ಮೇಲಿನ ಕೈ

ಬಾಗೇವಾಡಿಯ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಅನುಪ್ರಾಸ ಕಲಿಸುತ್ತಿದ್ದೆ. ‘ಒಂದೇ ಅಕ್ಷರ ಮತ್ತೆ ಮತ್ತೆ ಬಂದು ಕಿವಿಗೆ ಇಂಪು ಕೊಡುವುದು’ ಎಂದು ಹಲಗೆಯ ಮೇಲೆ ಬರೆದೆ. ಆದರೆ ವ್ಯಾಖ್ಯೆಯನ್ನು ಬರೀ ಉರುಹೊಡೆಯುವ ಮಕ್ಕಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅದಕ್ಕೇ ‘ಕರಿಯ ಕಂಬಳಿ ಕೊಡವಿ ಕುರಿಯ ಕರೆದ’ ಎಂದು ನಾನೇ ಒಂದು ಸಾಲು ಕಟ್ಟಿಕೊಟ್ಟು, ಮನೆಯಲ್ಲಿ ಅವ್ವನ ಮುಂದೆ ಹೇಳಿ ಬರಬೇಕೆಂದು ತಾಕೀತು ಮಾಡಿದೆ.

ಮರುದಿನ, ಮುಳವಾಡದಿಂದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ತಲೆ ತಗ್ಗಿಸಿ ನಿಂತಳು.

“ಯಾಕ, ಅವ್ವನ ಮುಂದ ಹೇಳಲಿಲ್ಲೇನು?” ಎಂದು ಗದರಿದೆ.

“ಹೇಳೇನ್ರಿ ಸರ್. ಆದ್ರ ನಮ್ಮವ್ವಗ ಕಿವಿ ಕೇಳಂಗಿಲ್ರಿ.”

ನನ್ನ ದನಿ ಇಳಿಯಿತು. “ಮತ್ತ ಹೆಂಗ ಹೇಳಿದಿ?”

ಅವಳು ತನ್ನ ಅಂಗೈಯನ್ನು ಗಂಟಲಿಗೆ ಒತ್ತಿ ತೋರಿಸಿದಳು. “ಅವ್ವನ ಕೈ ಹಿಂಗ ಇಟ್ಕೊಂಡು ಹೇಳಿದ್ನಿರಿ. ನಕ್ಕೋತ ನಾಕ್ ಸಲ ಹೇಳಿಸಿದ್ಲ್ರಿ. ಇವತ್ತ ಮುಂಜಾನಿ ರೊಟ್ಟಿ ಬಡಿಯೂಮುಂದ ಅದೇ ತಾಳ ಬಡದ್ಲ್ರಿ.”

ನಾನು ಇಪ್ಪತ್ತು ವರ್ಷ ಬರೆಯುತ್ತ ಬಂದ ವ್ಯಾಖ್ಯೆ ಹಲಗೆಯ ಮೇಲೆ ಇನ್ನೂ ಹಾಗೇ ಇತ್ತು. ‘ಕಿವಿಗೆ’ ಎಂಬ ಒಂದು ಪದವನ್ನು ಅಂಗೈಯಿಂದಲೇ ಒರೆಸಿದೆ.