ಕಾಕಾನ ಕಾರಿನ ಎರಡು ಮುಳ್ಳು

ನಮ್ಮ ಕಾಕಾ ವೀರಭದ್ರಪ್ಪ ದೇವರನ್ನು ನಂಬುತ್ತಿದ್ದನೋ ಇಲ್ಲವೋ ಹೇಳಲಾರೆ, ಗೇಜನ್ನು ಮಾತ್ರ ನಂಬುತ್ತಿದ್ದ. ವಿಜಾಪುರದ ಕಡೆಯಿಂದ ಬಂದು ಶಹಾಡದ ಒಂದು ಬಟ್ಟೆ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ಬಾಯ್ಲರ್ ಕಾದವನು. ಅಲ್ಲಿ ಅರ್ಧ ಗಂಟೆಗೊಮ್ಮೆ ಒತ್ತಡದ ಗೇಜಿನ ಮುಳ್ಳು ನೋಡಿ ಪುಸ್ತಕದಲ್ಲಿ ಬರೆಯಬೇಕು. ಪಾಳಿ ಮುಗಿದಾಗ ಮುಂದಿನವನು ಆ ಪುಸ್ತಕಕ್ಕೆ ಸಹಿ ಹಾಕುವ ತನಕ ಹಿಂದಿನವನು ಕದಲುವಂತಿಲ್ಲ. ಈ ಚಾಳಿಯನ್ನು ಕಾಕಾ ಠಾಕುರ್ಲಿಯ ಮನೆಗೂ ಹೊತ್ತು ತಂದಿದ್ದ. ಕುಕ್ಕರಿನ ಮುಂದೆ ಕೈಕಟ್ಟಿ ನಿಂತು, ಇದಕ್ಕೊಂದು ಮುಳ್ಳಿಲ್ಲವಲ್ಲ ಎಂದು ಕೊರಗುತ್ತಿದ್ದ. ಅವನ ಹೆಂಡತಿ, ನಮ್ಮ ಕಾಕು ರುದ್ರವ್ವ, ಲಟ್ಟಣಿಗೆ ತೋರಿಸಿ ಅವನನ್ನು ಹೊರಗಟ್ಟುತ್ತಿದ್ದಳು.

೧೯೭೯ರಲ್ಲಿ ಅವರ ಒಬ್ಬಳೇ ಮಗಳು ಜಯಲತಾಳ ಮದುವೆ ಗೊತ್ತಾಯಿತು. ಠಾಣೆಯಲ್ಲಿ ಮದುವೆ, ಹನ್ನೊಂದು ಹತ್ತಕ್ಕೆ ಅಕ್ಕಿಕಾಳಿನ ಮುಹೂರ್ತ. ಮಗಳನ್ನು ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಒಯ್ಯುವುದಿಲ್ಲ, ಸ್ವಂತ ಕಾರಿನಲ್ಲಿ ತಾನೇ ಕರೆದೊಯ್ಯುತ್ತೇನೆಂದು ಕಾಕಾ ಹಟ ಹಿಡಿದ. ಡೊಂಬಿವಲಿಯ ಹಲ್ಲಿನ ಡಾಕ್ಟರರೊಬ್ಬರ ಅಂಗಳದಲ್ಲಿ ಕೋಳಿಗಳಿಗೆ ಮನೆಯಾಗಿದ್ದ ಮೂವತ್ತು ವರ್ಷ ಹಳೆಯ ಇಂಗ್ಲಿಷ್ ಕಾರು ಸಿಕ್ಕಿತು. ಕೋಳಿಗಳನ್ನು ಇಳಿಸಿ, ಬಣ್ಣ ಬಳಿದು, ಅದನ್ನು ಓಡುವಂತೆ ಮಾಡಿದ.

ಆದರೆ ಎಂಜಿನ್ನಿನ ಎಣ್ಣೆಯ ಸುದ್ದಿ ಹೇಳಲು ಅದರಲ್ಲಿ ಇದ್ದದ್ದು ಒಂದು ಸಣ್ಣ ದೀಪ. ಅದು ಹತ್ತುವ ಹೊತ್ತಿಗೆ ಎಂಜಿನ್ ಸತ್ತಿರುತ್ತದೆ ಎಂಬುದು ಕಾಕಾನ ವಾದ. ಕುರ್ಲಾದ ಗುಜರಿ ಬಜಾರಿನಿಂದ ಎರಡು ಗೇಜು ತಂದ, ಎಣ್ಣೆಯ ಒತ್ತಡಕ್ಕೊಂದು, ಬಿಸಿಗೊಂದು. ಎಂಜಿನ್ನಿನಿಂದ ಡ್ಯಾಶ್‌ಬೋರ್ಡಿನ ತನಕ ತಾಮ್ರದ ಸಣ್ಣ ಕೊಳವೆ ಎಳೆದ. ಎಣ್ಣೆ ನಿಲ್ಲುವ ತಳದ ಬಿರಡೆ ಕೊರೆದು ಬಿಸಿ ಅಳೆಯುವ ಕಡ್ಡಿ ತೂರಿಸಿದ. ಮೊದಲ ಸಲ ಚಾಲೂ ಮಾಡಿದಾಗ ಕೊಳವೆ ಕಿತ್ತುಬಂದು ಅವನ ಮುಖಕ್ಕೆ ಕಪ್ಪೆಣ್ಣೆಯ ಅಭಿಷೇಕವಾಯಿತು. ನಮ್ಮ ಓಣಿಯ ಮೆಕ್ಯಾನಿಕ್ ಮುರಾರಿಯನ್ನು ಒಂದು ಮಾತು ಕೇಳು ಎಂದರೆ, ಬಾಯ್ಲರ್ ಕಾದವನು ಸ್ಕೂಟರ್ ರಿಪೇರಿಯವನನ್ನು ಕೇಳಬೇಕೇ ಎಂದು ಮೂಗು ಮುರಿದ. ಕೇಳಿದ್ದರೆ ಮದುವೆಯ ದಿನದ ಪಾಡು ನಮಗೆಲ್ಲ ತಪ್ಪುತ್ತಿತ್ತು.

ಮದುವೆಯ ದಿನ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಮುಂದೆ ಮದುಮಗಳು, ಅವಳ ಮಡಿಲಲ್ಲಿ ಪುಸ್ತಕ. ಮುಳ್ಳು ನೋಡಿ ಬರೆಯುವುದು ಅವಳ ಕೆಲಸ. ಹಿಂದೆ ಕಾಕು, ನಾನು ಮತ್ತು ಒಂದು ಬುಟ್ಟಿ ಕರ್ಚಿಕಾಯಿ. ಶೀಳ್ ಫಾಟಾ ಬರುವಷ್ಟರಲ್ಲಿ ಬಿಸಿಯ ಮುಳ್ಳು ಏರಿತು, ಒತ್ತಡದ ಮುಳ್ಳು ಅರವತ್ತರಿಂದ ನಲವತ್ತಕ್ಕೆ ಇಳಿಯಿತು. ಕಾಕಾ ಗಾಡಿ ನಿಲ್ಲಿಸಿಬಿಟ್ಟ. ಬಾಯ್ಲರಿನಲ್ಲಿ ಬಿಸಿ ಏರಿದರೆ ಒತ್ತಡವೂ ಏರಬೇಕು. ಇಳಿದರೆ ಎಲ್ಲೋ ಒಡೆದಿದೆ ಎಂದೇ ಅರ್ಥ. ಮದುವೆಯ ಧೋತರ ಎತ್ತಿ ಕಟ್ಟಿ ಕಾರಿನಡಿ ತೂರಿದ. ಒಂದು ಹನಿಯೂ ಸೋರಿರಲಿಲ್ಲ. ಎಂಜಿನ್ ತಣ್ಣಗಾಗಲೆಂದು ಮುಕ್ಕಾಲು ಗಂಟೆ ಕಾದೆವು.

ಮುಂಬ್ರಾದಲ್ಲಿ ಮತ್ತೆ ಅದೇ ಆಟ. ಗಂಟೆ ಹತ್ತೂಕಾಲು. ಜಯಲತಾ ಬರೆಯುವುದನ್ನು ಬಿಟ್ಟು ಅಳತೊಡಗಿದಳು, ಕಾಡಿಗೆ ಗಲ್ಲಕ್ಕಿಳಿಯಿತು. ನನಗಂತೂ ಕಾಕಾನನ್ನು ಅವನ ಬಾಯ್ಲರಿಗೇ ಹಾಕಬೇಕೆನಿಸಿತು.

"ಬಿಸಿ ಏರಾಕತ್ತೈತಿ, ಪ್ರೆಶರ್ ಇಳಿಯಾಕತ್ತೈತಿ. ಹಿಂಗ ಹೋದ್ರ ಎಂಜಿನ್ ಉಳಿಯಂಗಿಲ್ಲ," ಎಂದ ಕಾಕಾ ಕಾರಿನಡಿಯಿಂದ.

ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ತಿಕ್ಕುವುದರಲ್ಲಿ ನಮ್ಮ ಕಾಕು ಠಾಕುರ್ಲಿಗೆಲ್ಲ ಹೆಸರಾದವಳು. ಇಳಿದು ಬಂದು ಹೊರಗೆ ಚಾಚಿದ್ದ ಅವನ ಕಾಲುಗಳಿಗೆ ಹೇಳಿದಳು:

"ಔಡಲೆಣ್ಣಿ ತಣ್ಣಗಿದ್ರ ಬಟ್ಟಲದಿಂದ ಬೀಳೂದ ಇಲ್ಲ. ಕಾಸಿದ್ರ ನೀರಿನಂಗ ಹರೀತೈತಿ. ತೆಳ್ಳಗಾದ ಎಣ್ಣಿಗೆ ಒತ್ತೂ ಕಸುವು ಎಲ್ಲಿಂದ ಬರಬೇಕ್ರಿ? ಇದು ನಿಮ್ಮ ಉಗಿ ಅಲ್ಲ. ಏಳ್ರಿ ಮ್ಯಾಲೆ."

ಕಾಕಾ ಎದ್ದು ಬಂದ. ಮುಳ್ಳುಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಧೋತರದ ಧೂಳು ಕೊಡವಿ ಗಾಡಿ ಬಿಟ್ಟ. ಹನ್ನೊಂದಕ್ಕೆ ಠಾಣೆ ಮುಟ್ಟಿದೆವು. ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬಿದ್ದವು.

ಮಗಳನ್ನು ಒಪ್ಪಿಸಿಕೊಡುವಾಗ ಎಲ್ಲರೂ ಅತ್ತರು, ಕಾಕಾ ಅಳಲಿಲ್ಲ. ಕಾರಿನಿಂದ ಆ ಪುಸ್ತಕ ತಂದು ಅಳಿಯ ಸೋಮಣ್ಣನ ಮುಂದೆ ಕುಳಿತ.

"ಇಲ್ಲೊಂದು ಸಹಿ ಹಾಕ್ರಿ, ಅಳಿಯಂದ್ರ. ಹಾಕೂತನಾ ನಾ ಏಳಂಗಿಲ್ಲ."

ಬೀಗರ ಕಡೆಯ ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕರು. ನಾಚಿಕೆಯಿಂದ ನಾನು ಕಂಬದ ಹಿಂದೆ ಸರಿದೆ. ಮಗಳ ಕಾಡಿಗೆ ಬಿದ್ದು ಕದಡಿದ ಅಂಕಿಗಳ ಕೆಳಗೆ ಕಾಕಾನ ಅಕ್ಷರವಿತ್ತು: 'ಪಾಳಿ ಮುಗಿಯಿತು. ಎಲ್ಲ ಸುಸ್ಥಿತಿ.' ಸೋಮಣ್ಣ ಓದಿದ. ನಗಲಿಲ್ಲ. ಪೆನ್ನು ತೆಗೆದು ಸಹಿ ಹಾಕಿ, ಕೈಗಡಿಯಾರ ನೋಡಿ ವೇಳೆಯನ್ನೂ ಬರೆದ. ಆಗ ಕಾಕಾ ಮಂದಿಯ ಪರಿವೆಯಿಲ್ಲದೆ ಗೊಳೋ ಎಂದು ಅತ್ತ.

ಸಂಜೆ ಹಿಂತಿರುಗುವಾಗ ಮುಂದಿನ ಸೀಟಿನಲ್ಲಿ ಕಾಕು ಕುಳಿತಳು. ಠಾಕುರ್ಲಿಯ ತನಕ ಕಾಕಾ ಆ ಎರಡು ಮುಳ್ಳುಗಳತ್ತ ಒಮ್ಮೆಯೂ ನೋಡಲಿಲ್ಲ.