ನನ್ನ ಸೈಕಲ್, ಅವರ ಸವಾರಿ

ನನಗೊಂದು ಸೈಕಲ್ ಇದೆ. ಅದರ ಮೇಲೆ ನಾನು ಇವತ್ತಿನವರೆಗೂ ಕೂತಿಲ್ಲ.

ನಮ್ಮ ಯಜಮಾನರು ಶಿರಾಳಕೊಪ್ಪದ ಕಾಳಿನ ಮಂಡಿಯಲ್ಲಿ ಕೆಲಸಕ್ಕಿದ್ದಾರೆ. ನಮ್ಮೂರು ಅಲ್ಲಿಂದ ಸೊರಬದ ದಾರಿಯಲ್ಲಿ ಸಾಕಷ್ಟು ದೂರ. ಮಂಡಿ ಮುಚ್ಚುವ ಹೊತ್ತಿಗೆ ಕಡೆಯ ಬಸ್ಸು ಹೋಗಿರುತ್ತದೆ. ಹಾಗಾಗಿ ಮಳೆಯಿರಲಿ, ಬಿಸಿಲಿರಲಿ, ಸೈಕಲ್ಲೇ ಗತಿ. ಹಳೆಯದು ಬಲು ಎತ್ತರ. ಅಡ್ಡಕಂಬಿಯ ಮೇಲೆ ಕಾಲೆತ್ತಿ ಹಾಕುವಾಗೆಲ್ಲ ಸೊಂಟ ಹಿಡಿಯುತ್ತಿತ್ತು, ಧೋತರದ ಅಂಚು ಚೈನಿಗೆ ಸಿಕ್ಕಿ ಮಸಿಯಾಗುತ್ತಿತ್ತು. ಕಡೆಗೊಂದು ದಿನ, “ಇನ್ನಾಗಲ್ಲ ಕಣೇ, ಶಿರಾಳಕೊಪ್ಪದಾಗೇ ಒಂದು ಖೋಲಿ ಹಿಡೀತೀನಿ. ವಾರಕ್ಕೊಮ್ಮೆ ಬರ್ತೀನಿ” ಎಂದುಬಿಟ್ಟರು. ಅಂದು ಪೂಜೆಗೆ ಕೂತರೆ ಕಣ್ಣ ಮುಂದೆ ಶಿವ ಬರಲಿಲ್ಲ, ಇವರ ಸೊಂಟವೇ ಬಂತು.

ಬೇರೆ ಸೈಕಲ್ ನೋಡೋಣವೆಂದು ಸಂತೆಯ ದಿನ ನಾನೂ ಜೊತೆಗೆ ಶಿರಾಳಕೊಪ್ಪಕ್ಕೆ ಹೊರಟೆ. ಸೈಕಲ್ ಅಂಗಡಿಯ ಸಾಹೇಬರು ಒಂದೊಂದಾಗಿ ತೋರಿಸಿದರು. ಒಂದರ ಹ್ಯಾಂಡಲ್ ಎಷ್ಟು ತಗ್ಗೆಂದರೆ, ದಾರಿಯುದ್ದಕ್ಕೂ ಕಂಡಕಂಡವರಿಗೆಲ್ಲ ಬಗ್ಗಿ ನಮಸ್ಕರಿಸುತ್ತಲೇ ಹೋಗಬೇಕು. ಇನ್ನೊಂದರ ಸೀಟು ಬರೀ ಹಲಗೆ. ಮೂಲೆಯಲ್ಲೊಂದಿತ್ತು: ಅಡ್ಡಕಂಬಿಯಿಲ್ಲ, ಅಗಲ ಸೀಟಿನಡಿ ದಪ್ಪ ಸ್ಪ್ರಿಂಗು, ಚೈನಿಗೆ ಮುಚ್ಚಳ, ಬಟ್ಟೆ ಸಿಗದಂತೆ ಹಿಂದಿನ ಗಾಲಿಗೆ ದಾರದ ಜಾಲರಿ. ವರ್ಗವಾಗಿ ಹೋದ ನರ್ಸಮ್ಮ ಮಾರಿಹೋದದ್ದಂತೆ.

“ಇದ್ರ ಮ್ಯಾಲೆ ಒಂದ್ಸಲ ಕೂತು ನೋಡ್ರೀ” ಎಂದೆ.

“ಹುಚ್ಚೇನೇ ನಿಂಗೆ? ಅದು ಹೆಂಗಸ್ರ ಸೈಕಲ್ಲು. ಮಂಡಿ ಹಮಾಲ್ರು ಸೀಟಿ ಹೊಡೀತಾರೆ.”

“ಸೊಂಟಕ್ಕೇನು ಅದೆಲ್ಲ ಗೊತ್ತಾಗ್ತದಾ?”

ಸಾಹೇಬರು ಮೀಸೆಯೊಳಗೇ ನಕ್ಕರು. “ಒಂದು ಸುತ್ತು ಹೊಡೀರಿ ಅಣ್ಣಾರೆ, ಅಕ್ಕಾರ ಮಾತು ಉಳಿಸ್ರಿ.”

ಇವರು ಸಂತೆಬೀದಿ ಬಿಟ್ಟು ಹಿಂದಿನ ಓಣಿಗೆ ಹೋದರು. ಒಂದು ಸುತ್ತು ಎಂದವರು ಇನ್ನೊಂದನ್ನೂ ಹೊಡೆದು ಬಂದರು. ಇಳಿಯುವಾಗ ಸೊಂಟ ಹಿಡಿಯಲಿಲ್ಲ, ಮುಖ ಮಾತ್ರ ಬಿಗಿದಿತ್ತು. “ಕೇಳಿದವ್ರಿಗೆ ಏನಂತ ಹೇಳ್ಲಿ?”

“ನಮ್ಮನೆಯವಳದು ಅನ್ರಿ. ಅವಳಿಗೆ ಕಲಿಯಾಕೆ ಪುರಸತ್ತಿಲ್ಲ, ಅಲ್ಲೀತನಕ ನಾನು ಹೊಡೀತೀನಿ ಅನ್ರಿ.”

ಸುಳ್ಳು ಕಲಿಸಿದೆ ಎನ್ನಬೇಡಿ. ನಮ್ಮ ದೇವರಮನೆಯ ಪಟದಲ್ಲಿ ಶಿವನ ಜೊತೆ ಪಾರ್ವತಿಯೂ ನಂದಿಯ ಮೇಲೆ ಕೂತಿದ್ದಾಳೆ. ಅದು ಗಂಡಸರ ವಾಹನವೋ ಹೆಂಗಸರದೋ ಎಂದು ಯಾರೂ ಕೇಳಿದ್ದಿಲ್ಲ. ನಂದಿಗೂ ಅಡ್ಡಕಂಬಿಯಿಲ್ಲ.

ಸೈಕಲ್ ಮನೆಗೆ ಬಂದು ಒಂದು ಮಳೆಗಾಲ ಕಳೆಯಿತು. ಖೋಲಿಯ ಮಾತು ಮತ್ತೆ ಬರಲಿಲ್ಲ. “ಅಕ್ಕಾರು ಇನ್ನೂ ಕಲೀಲಿಲ್ಲೇನ್ರೀ?” ಎಂದು ಹಮಾಲರು ಕೇಳುತ್ತಾರಂತೆ, “ಎಲ್ಲಿ ಪುರಸತ್ತು?” ಎಂದು ಇವರು ಪೆಡಲು ತುಳಿಯುತ್ತಾರಂತೆ. ಅದು ನಿಜವೇ. ಸಂಜೆ ತಿರುವಿನಲ್ಲಿ ನನ್ನ ಸೈಕಲ್ಲಿನ ಗಂಟೆ ಕೇಳಿದ ಮೇಲೇ ನಾನು ಒಲೆಯ ಮೇಲೆ ಹಂಚಿಡುವುದು. ಬಿಸಿ ರೊಟ್ಟಿ ಬಡಿಯುವವಳಿಗೆ ಸೈಕಲ್ ಕಲಿಯುವ ಪುರಸತ್ತು ಎಲ್ಲಿಂದ ಬರಬೇಕು? ಆ ಪುರಸತ್ತೊಂದನ್ನು ಮಾತ್ರ ಕೊಡಬೇಡಪ್ಪಾ ಎಂದು ಶಿವನಿಗೆ ದಿನಾ ಹೇಳಿಕೊಳ್ಳುತ್ತೇನೆ.