ಸೊಟ್ಟ ಮೂತಿಯ ಕರು

ನಮ್ಮ ಭಾವ ಗೋಡೆಗಳಿಗೆ ಜಾಹೀರಾತು ಬರೆಯುವವರು. ಮೂವತ್ತೊಂದು ವರ್ಷ ಒಂದೇ ಹಾಲಿನ ಕಂಪನಿಯ ಕರುವನ್ನು ಪೇಟೆಯ ಗೋಡೆ, ವ್ಯಾನು, ಅಂಗಡಿಯ ಬಾಗಿಲುಗಳ ಮೇಲೆ ಬರೆದರು. ಅಕ್ಕ ಆ ಕರುವನ್ನು 'ನನ್ನ ಸವತಿ ಮಗ' ಎನ್ನುತ್ತಿದ್ದಳು.

ಈ ವರ್ಷ ಕಂಪನಿ ತನ್ನ ಲೋಗೊ ಬದಲಿಸಿತು. ಹೊಸ ಚಿತ್ರದ ಕಾಗದವನ್ನು ಭಾವ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕರುವಿನ ಒಂದು ಕಣ್ಣು ಹಣೆಯಲ್ಲಿತ್ತು, ಇನ್ನೊಂದು ಕೆನ್ನೆಗಿಳಿದಿತ್ತು. ಮೂತಿ ಒದೆ ತಿಂದಂತೆ ಒಂದು ಕಡೆಗೆ ತಿರುಗಿಕೊಂಡಿತ್ತು.

"ಪ್ರಿಂಟ್ ಹಾಕುವಾಗ ಕಾಗದ ಜರುಗಿದೆ," ಎಂದರು.

ಗಿರಾಕಿ ತಂದ ಚಿತ್ರದಲ್ಲಿ ತಪ್ಪಿದ್ದರೆ ಸದ್ದಿಲ್ಲದೆ ತಿದ್ದಿ ಬರೆಯುವುದು, ತಿದ್ದಿದೆ ಎಂದು ಹೇಳಿಕೊಳ್ಳದಿರುವುದು ಅವರ ಕಸುಬಿನ ಮರ್ಯಾದೆ. ಹಾಗೆಯೇ ಕಣ್ಣು ಸಮ ಮಾಡಿ, ಮೂತಿ ನೆಟ್ಟಗೆ ಮಾಡಿ ಆರು ಗೋಡೆ ಮುಗಿಸಿದರು.

ಕಂಪನಿಯ ಪ್ರಚಾರದ ಮ್ಯಾನೇಜರ್ ಕಾರಿನಿಂದ ಇಳಿದವನೇ ಕೂಗಾಡಿದ. "ತಿದ್ದೋಕೆ ಹೇಳಿದ್ಯಾರು? ಕಾಗದದಲ್ಲಿ ಹೇಗಿದ್ಯೋ ಹಾಗೇ ಬರೀರಿ!"

"ಸ್ವಾಮಿ, ಅದು ಸೊಟ್ಟಗಿದೆ."

"ಸೊಟ್ಟಗೇ ಇರ್ಲಿ."

ಭಾವ ಹಲ್ಲು ಕಚ್ಚಿಕೊಂಡು ಆರೂ ಗೋಡೆಗಳಲ್ಲಿ ಸೊಟ್ಟ ಕರುವನ್ನೇ ಬರೆದರು. ಪೇಟೆಗೆ ಪೇಟೆಯೇ ನಕ್ಕಿತು. ಜನ ಫೋಟೋ ತೆಗೆದು ಹಂಚಿದರು.

"ಏನಣ್ಣಾ, ಲಕ್ವ ಹೊಡೆದಿದ್ದು ಕರುಗಾ, ನಿಂಗಾ?" ಎಂದ ಸೈಕಲ್ ಅಂಗಡಿಯವ.

ಅದನ್ನೆಲ್ಲ ಭಾವ ನುಂಗಿಕೊಂಡರು. ಆದರೆ ಹೆಣ್ಣುಮಕ್ಕಳ ಶಾಲೆಯಿಂದ ಬಂದ ಮಾತಿಗೆ ಕುಸಿದರು. ಶಾಲೆಯ ಉದ್ದನೆಯ ಗೋಡೆಗೆ ಪ್ರಪಂಚದ ನಕ್ಷೆ ಬರೆಯುವ ಕೆಲಸ ಅವರಿಗೆ ಸಿಕ್ಕಿತ್ತು. ಈಗ ಹೆಡ್‌ಮೇಡಂ, "ಕೈ ನಡುಗುತ್ತಂತಲ್ಲ, ಬೇರೆಯವರಿಂದ ಬರೆಸ್ತೀವಿ," ಎಂದು ಹೇಳಿ ಕಳಿಸಿದ್ದರು.

"ಕೈ ಹೋಯ್ತು ಅಂದ್ಮೇಲೆ ನನ್ನ ಹತ್ರ ಇನ್ನೇನಿದೆ?" ಎಂದರು ಭಾವ.

"ದೇವರು ಕೊಟ್ಟ ಕೈ, ಭಾವ. ಯಾರೋ ನಕ್ಕರೆ ಹೋಗಲ್ಲ," ಎಂದೆ.

ಭಾವ ಮ್ಯಾನೇಜರನನ್ನೇ ಕೇಳೋಣವೆಂದು ಹೊರಟರು. ನಾನೂ ಜೊತೆಗೆ ಹೋದೆ. ತಣ್ಣನೆಯ ಕೋಣೆಯಲ್ಲಿ ಅವನು ಕೆಂಪು ಮಿಠಾಯಿ ಚೀಪುತ್ತಾ ಕೂತಿದ್ದ. ಜನ ಮಾಡಿದ ಗೇಲಿಗಳನ್ನೆಲ್ಲ ಪ್ರಿಂಟ್ ಮಾಡಿಸಿ, ಬಹುಮಾನದ ಪತ್ರಗಳ ಹಾಗೆ ಗೋಡೆಗೆ ಹಚ್ಚಿದ್ದ.

"ಮೂವತ್ತು ವರ್ಷ ಚೆಂದದ ಕರು ಬರೆದ್ರಲ್ಲ, ಒಬ್ರಾದ್ರೂ ಅದರ ಮಾತೆತ್ತಿದ್ರಾ? ಈಗ ನೋಡಿ, ಊರ ಬಾಯಲ್ಲೆಲ್ಲ ನಮ್ಮ ಹಾಲೇ. ಬೇಕಂತಲೇ ಕೆಡಿಸಿದ್ದು. ಮುಂದಿನ ತಿಂಗಳು 'ನಿಮ್ಮ ಮಾತು ಕೇಳಿದೆವು' ಅಂತ ಹಳೇದನ್ನೇ ತರ್ತೀವಿ. ಆಗ ಇನ್ನೊಂದು ಸುತ್ತು ಮಾತಾಡ್ತಾರೆ."

"ಹಾಗಾದ್ರೆ ಸೊಟ್ಟ ನಿಮ್ಮದು ಅಂತ ಜನಕ್ಕೆ ಹೇಳಿಬಿಡಿ. ನನ್ನ ಕೆಲಸ ಹೋಗ್ತಿದೆ."

"ಅಯ್ಯೋ! ಮುದುಕ ಪೇಂಟರ್ ಎಡವಟ್ಟು ಮಾಡ್ದ ಅನ್ನೋದೇ ಜನಕ್ಕೆ ಇಷ್ಟ. ಹಬ್ಬಿಸಿದ್ದೇ ನಾವು," ಎಂದು ಹಲ್ಲು ಕಿರಿದ. ಹಲ್ಲಿನ ಸಂದಿಯಲ್ಲೆಲ್ಲ ಮಿಠಾಯಿಯ ಕೆಂಪು ಎಂಜಲು.

ಮರುದಿನ ಪೇಟೆ ತುಂಬಿದ್ದಾಗ ಭಾವ ಆರರಲ್ಲಿ ಒಂದು ಗೋಡೆಗೆ ಏಣಿ ಹಾಕಿದರು. ಕಂಪನಿಯ ಕಾಗದವನ್ನು ಸೊಟ್ಟ ಕರುವಿನ ಕೆಳಗೆ ಅಂಟಿಸಿದರು. ಪಕ್ಕದಲ್ಲೇ ನೂಲು, ಅಳತೆಕೋಲು ಯಾವುದೂ ಇಲ್ಲದೆ ಹಳೆಯ ಕರುವನ್ನು ಬರೆದರು. ಬೆನ್ನಿನ ಗೆರೆ ಒಂದೇ ಎಳೆತಕ್ಕೆ ಬಂತು.

"ಯಾರ ಕೈ ನಡುಗಿದ್ದು? ಹೋಲಿಸಿ ನೋಡ್ರಪ್ಪ," ಎಂದರು.

ಜನ ಕಾಗದ ನೋಡಿದರು, ಗೋಡೆ ನೋಡಿದರು, ಚಪ್ಪಾಳೆ ಹೊಡೆದರು. ಸ್ಕೂಟರ್ ನಿಲ್ಲಿಸಿ ನೋಡುತ್ತಿದ್ದ ಹೆಡ್‌ಮೇಡಂ ಹತ್ತಿರ ಬಂದು, "ತಪ್ಪು ತಿಳ್ಕೊಂಡೆ. ಸೋಮವಾರದಿಂದ ಬನ್ನಿ," ಎಂದರು. ನಾನು ನಿಂತಲ್ಲೇ ಕೈಮುಗಿದೆ.

ಮಧ್ಯಾಹ್ನ ಮ್ಯಾನೇಜರನ ಫೋನು ಬಂತು. ಬೈಯುತ್ತಾನೆ ಎಂದುಕೊಂಡೆವು.

"ಅಂಕಲ್, ಸೂಪರ್! ನಿಮ್ಮ ವಿಡಿಯೋ ಎಲ್ಲ ಕಡೆ ಓಡ್ತಿದೆ. ಉಳಿದ ಗೋಡೆಗಳ ಮೇಲೂ ಹೀಗೇ ಕೋಪ ಮಾಡ್ಕೊಂಡು ಬರೀರಿ. ಕ್ಯಾಮೆರಾ ಕಳಿಸ್ತೀನಿ."

"ಥೂ!" ಎಂದು ಭಾವ ಫೋನ್ ಕುಕ್ಕಿದರು. ಸುಣ್ಣದ ಬಕೆಟ್ ಎತ್ತಿಕೊಂಡು ಹೋಗಿ ಎರಡೂ ಕರುಗಳ ಮೇಲೆ ಬಳಿಯತೊಡಗಿದರು.

"ಚೆನ್ನಾಗಿರೋದನ್ನ ಯಾಕಣ್ಣಾ ಅಳಿಸ್ತೀಯ?" ಎಂದ ಸೈಕಲ್ ಅಂಗಡಿಯವ.

"ಇದನ್ನೂ ಮಾರ್ಕೊಂಡ ಅವನು."

ಏಣಿಯ ಕೆಳಗೆ ಯಾರೋ ಅದನ್ನೂ ವಿಡಿಯೋ ಮಾಡುತ್ತಿದ್ದರು. ಭಾವ ತಿರುಗಿ ನೋಡದೆ ಇನ್ನೊಂದು ಪದರ ಬಳಿದರು.